ಮೂರನೆಯ ಇಂಜೆಕ್ಟರಿನ ಉಂಗುರ

ಸಾಂಕ್ರಾಮಿಕದ ಎರಡನೆಯ ಅಲೆಯಲ್ಲಿ ನಾನು ಹತ್ತು ದಿನ ಜ್ವರದಲ್ಲಿ ಮಲಗಿದ್ದೆ. ಎದ್ದ ಮೇಲೆ ಹಸಿವು ತಿರುಗಿ ಬಂತು, ಕಾಲಿಗೆ ಬಲ ಬಂತು. ವಾಸನೆ ಮಾತ್ರ ಬರಲಿಲ್ಲ. ಕೆಲವು ತಿಂಗಳಾದ ಮೇಲೆ ಅದು ಕನಸಿನಲ್ಲಿ ಬರತೊಡಗಿತು. ಒಂದು ಕನಸಿನಲ್ಲಿ ನಾನು ದಾಲ್ ಮಿಲ್ಲಿನ ಅಂಗಳದಲ್ಲಿ ನಿಂತಿರುತ್ತಿದ್ದೆ, ತೊಗರಿ ಹೊಟ್ಟಿನ ಬೆಚ್ಚನೆಯ ಧೂಳು ಮೂಗಿನ ತುಂಬ. ಇನ್ನೊಂದರಲ್ಲಿ ಅವ್ವ ಸೀಮೆಎಣ್ಣೆಯ ಸ್ಟೋವಿಗೆ ಪಂಪು ಹೊಡೆಯುತ್ತಿದ್ದಳು. ಹೊಸ ಟ್ಯೂಬಿನ ರಬ್ಬರು, ಮಳೆಯಲ್ಲಿ ನೆನೆದ ಗೋಣಿಚೀಲ, ಯಾರೋ ಹಾದುಹೋದ ಮೇಲೆ ಉಳಿದ ಅತ್ತರು, ಎಲ್ಲ ಬರುತ್ತಿತ್ತು. ಎಚ್ಚರವಾಗಿ ಅಂಗೈಯನ್ನು ಮೂಗಿಗೆ ಒತ್ತಿಕೊಂಡರೆ ಏನೂ ಇಲ್ಲ. ಬರೀ ಗಾಳಿ ಒಳಗೆ ಹೋಗಿ ಹೊರಗೆ ಬರುತ್ತಿತ್ತು.

ಜೇವರ್ಗಿಯಲ್ಲಿ ವಿಜಯಪುರದ ಕಡೆ ಹೋಗುವ ರಸ್ತೆಗೆ ಮುಖ ಮಾಡಿರುವ ಗ್ಯಾರೇಜು ನನ್ನದು. ಮನೆ ಅದರ ಬೆನ್ನಿಗೇ ಇದೆ. ಗ್ಯಾರೇಜಿನವನಿಗೆ ಮೂಗು ಅರ್ಧ ಕಸುಬು. ಸುಟ್ಟ ಕ್ಲಚ್ಚು, ಕುದಿದ ಕೂಲಂಟು, ಸೋರುವ ಪೆಟ್ರೋಲು ಕಣ್ಣಿಗೆ ಬೀಳುವ ಮೊದಲೇ ಮೂಗಿಗೆ ಗೊತ್ತಾಗುತ್ತವೆ. ನನ್ನ ಮೂಗು ಹೋಗಿದೆ ಎಂದು ನಾನು ಯಾರಿಗೂ ಹೇಳಲಿಲ್ಲ. ಹೆಂಡತಿಗೆ ಮಾತ್ರ ಗೊತ್ತಿತ್ತು. ಅನುಮಾನ ಬಂದಾಗ ನಾನು ಹಿಂದಿನ ಬಾಗಿಲಿನ ಕಡೆ ತಿರುಗಿ ಕರೆಯುತ್ತಿದ್ದೆ, "ಒಂದೀಟು ಬಾ ಬೇ ಇಲ್ಲಿ." ಅವಳು ಜೋಳದ ಹಿಟ್ಟಿನ ಕೈಯಲ್ಲೇ ಬಂದು ಬಾನೆಟ್ಟಿನ ಕೆಳಗೆ ಬಗ್ಗಿ, "ಏನಿಲ್ರಿ" ಎಂದೋ, "ಡೀಸೆಲ್ ಅದ, ಆ ಕಡಿಂದ" ಎಂದೋ ಮೆಲ್ಲಗೆ ಹೇಳಿ ಹೋಗುತ್ತಿದ್ದಳು. ಗಿರಾಕಿಗಳು ಅವಳು ಚಹಾ ಬೇಕೇ ಎಂದು ಕೇಳಲು ಬಂದಳೆಂದು ತಿಳಿಯುತ್ತಿದ್ದರು. ಮೂರು ವರ್ಷ ಹೀಗೇ ನಡೆಯಿತು.

ಆ ಸಲದ ಚಳಿಗಾಲದಲ್ಲಿ ಅಫಜಲಪುರದ ಕಡೆಯಿಂದ ಒಂದು ಕೆಂಪು ಕಾರು ಬಂತು. ಹೊರಗಿನಿಂದ ನೋಡಿದರೆ ಹದಿನೈದು ವರ್ಷ ಹಳೆಯ ಪುಟ್ಟ ಕಾರು. ಒಳಗೆ ಹಿಂದಿನ ಸೀಟು ಇರಲಿಲ್ಲ, ಕಬ್ಬಿಣದ ಪೈಪುಗಳ ಪಂಜರ ಇತ್ತು. ಬಾನೆಟ್ಟು ಎತ್ತಿದರೆ ಇಂಜಿನ್ನಿನ ಪಕ್ಕದಲ್ಲಿ, ಅದಕ್ಕೆ ಹೆಚ್ಚು ಗಾಳಿ ತುರುಕುವ ಟರ್ಬೊ ಶಂಖದ ಹಾಗೆ ಸುತ್ತಿಕೊಂಡು ಕೂತಿತ್ತು. ನಡೆಸಿಕೊಂಡು ಬಂದವರು ಅಲ್ಲಿಯ ಪಶುವೈದ್ಯೆ. ವಾರವಿಡೀ ಎಮ್ಮೆ, ಆಡು, ಎತ್ತುಗಳ ಜೊತೆ ಇದ್ದು, ರಜೆಯಲ್ಲಿ ಮಹಾರಾಷ್ಟ್ರದ ಕಡೆ ಮಣ್ಣಿನ ಹಾದಿಯ ರೇಸುಗಳಿಗೆ ಹೋಗುವವರು.

"ಟರ್ಬೊ ಹಾಕಿಸೇನ್ರಿ ಅಣ್ಣಾ, ಆದ್ರ ಹಳೇ ಇಂಜೆಕ್ಟರ್ ಸಾಲವಲ್ದು. ಇವನ್ನ ಕೂಡಿಸಿ ಕೊಡ್ರಿ" ಎಂದು ಒಂದು ಡಬ್ಬಿ ಮುಂದಿಟ್ಟರು. ಒಳಗೆ ಸ್ಪಂಜಿನ ಗುಳಿಗಳಲ್ಲಿ ಹೆಬ್ಬೆರಳಿನ ಗಾತ್ರದ ನಾಲ್ಕು ಹೊಸ ಇಂಜೆಕ್ಟರುಗಳು ಮಲಗಿದ್ದವು. ಕಂಪನಿಯವಲ್ಲ, ಹೊರಗಿನ ತಯಾರಿಕೆ. ಕಂಪನಿಯದಕ್ಕಿಂತ ಹೆಚ್ಚು ಪೆಟ್ರೋಲು ಸುರಿಯುವಂಥವು. ಜೊತೆಗೆ ಒಂದು ಮೊಳದುದ್ದದ ಅಲ್ಯೂಮಿನಿಯಂ ಕೊಳವೆ. ಪಂಪಿನಿಂದ ಬಂದ ಪೆಟ್ರೋಲು ಈ ಕೊಳವೆಯೊಳಗೆ ತುಂಬಿಕೊಂಡು ನಾಲ್ಕು ಇಂಜೆಕ್ಟರುಗಳಿಗೂ ಹಂಚಿಹೋಗುತ್ತದೆ. ನಾವು ಅದನ್ನು ರೇಲು ಎನ್ನುತ್ತೇವೆ. ಅವರು ಅದನ್ನು ತಲೆಕೆಳಗು ಹಿಡಿದು ನೋಡಿ ನಕ್ಕರು. "ಎಮ್ಮಿ ಕೆಚ್ಚಲ ಇದ್ದಂಗ ಅದ ನೋಡ್ರಿ. ನಾಕು ಮೊಲಿ."

ಪ್ರತಿ ಇಂಜೆಕ್ಟರಿಗೆ ಎರಡು ರಬ್ಬರ್ ಉಂಗುರ. ಮೇಲಿನದು ರೇಲಿನೊಳಗೆ ಕೂತು ಪೆಟ್ರೋಲು ಹೊರಗೆ ಬರದಂತೆ ತಡೆಯುತ್ತದೆ. ಕೆಳಗಿನದು ಇಂಜಿನ್ನಿನ ಗೂಡಿನಲ್ಲಿ ಕೂತು ಹೊರಗಿನ ಗಾಳಿ ಒಳಗೆ ನುಸುಳದಂತೆ ಕಾಯುತ್ತದೆ. ಕೆಲಸ ಇಷ್ಟೇ ಎಂದರೆ ಇಷ್ಟೇ. ಆದರೆ ಆ ಮೇಲಿನ ಉಂಗುರದ ಹಿಂದೆ ಪೆಟ್ರೋಲು ಒತ್ತಡದಲ್ಲಿ ನಿಂತಿರುತ್ತದೆ, ಕೆಳಗೆ ಗೇಣು ದೂರದಲ್ಲಿ ಟರ್ಬೊ ಕೆಂಡದ ಹಾಗೆ ಕಾದಿರುತ್ತದೆ.

ಅವತ್ತು ಹೆಂಡತಿ ಊರಲ್ಲಿರಲಿಲ್ಲ. ಜಿಡಗಾ ಅವಳ ತವರು. ಅಕ್ಕನ ಮನೆಯ ಸೀಮಂತಕ್ಕೆ ಹೋಗಿದ್ದಳು. ಮಧ್ಯಾಹ್ನದ ಬಿಸಿಲು ಗ್ಯಾರೇಜಿನ ತಗಡಿನ ತೂತುಗಳಿಂದ ಇಳಿದು ನೆಲದ ಮೇಲೆ ನಾಣ್ಯಗಳಷ್ಟು ಅಗಲಕ್ಕೆ ಬಿದ್ದಿತ್ತು. ಹೊರಗೆ ಲಾರಿಗಳು ಹೋಗುತ್ತಿದ್ದರೂ ಒಳಗೆ ಒಂದು ಬಗೆಯ ಮೌನ. ಅಂಥ ಹೊತ್ತಿನಲ್ಲಿ ನನ್ನ ಕೈಗಳು ನನ್ನನ್ನು ಕೇಳದೆ ಕೆಲಸ ಮಾಡುತ್ತವೆ. ಒತ್ತಡ ಇಳಿಸಿ, ಹಳೆಯ ರೇಲು ಬಿಚ್ಚಿ, ಹಳೆಯ ಇಂಜೆಕ್ಟರುಗಳನ್ನು ಎಳೆದು, ಗೂಡುಗಳನ್ನು ಒರೆಸಿ, ಹೊಸ ಉಂಗುರಗಳಿಗೆ ಬೆರಳ ತುದಿಯಿಂದ ಇಂಜಿನ್ ಎಣ್ಣೆ ಸವರಿದೆ. ಒಂದು, ಎರಡು ನುಣ್ಣಗೆ ಹೋಗಿ ಕೂತವು. ಮೂರನೆಯದು ರೇಲಿನ ಬಾಯಲ್ಲಿ ಸ್ವಲ್ಪ ತಡೆಯಿತು. ನಾನು ಸ್ವಲ್ಪ ಒತ್ತಿದೆ. ಹೋಯಿತು.

ಆ ತಡೆದದ್ದು ನನಗೆ ಗೊತ್ತಾಗಿತ್ತು. ಎಳೆದು ನೋಡಬೇಕಿತ್ತು. ಬೆರಳಿಗೆ ಗೊತ್ತಾದದ್ದು ತಲೆಯವರೆಗೆ ಬರಲಿಲ್ಲ, ಅಥವಾ ಬಂದರೂ ನಾನು ಬಾಗಿಲು ತೆರೆಯಲಿಲ್ಲ.

ರೇಲು ಬಿಗಿದ ಮೇಲೆ, ಕಾದು ಕೂತಿದ್ದ ಡಾಕ್ಟರು ಕಾರು ಹತ್ತಿ ಕೀಲಿ ತಿರುಗಿಸಿದರು, ಇಂಜಿನ್ ಚಾಲೂ ಮಾಡದೆ. ಟ್ಯಾಂಕಿನ ಪಂಪು ಎರಡು ಕ್ಷಣ ಗುಂಯ್‌ಗುಟ್ಟಿ ನಿಂತಿತು. ಮೂರು ಸಲ ಹಾಗೆ ಮಾಡಿಸಿದೆ. ಟಾರ್ಚು ಹಿಡಿದು ಒಂದೊಂದೇ ಇಂಜೆಕ್ಟರಿನ ಕತ್ತು ನೋಡಿದೆ, ಕಾಗದದ ಚೂರು ಮುಟ್ಟಿಸಿದೆ. ಒಣ. ಅವರು ಇಳಿದು ಬಂದು ಬಾನೆಟ್ಟಿನ ಹತ್ತಿರ ನಿಂತವರು ಹುಬ್ಬು ಗಂಟಿಕ್ಕಿದರು.

"ಅಣ್ಣಾ, ಪೆಟ್ರೋಲ್ ವಾಸನಿ ಬಡಿಯಾಕತ್ತದಲ್ರೀ?"

"ಈಗ ಹಳೇದು ಬಿಚ್ಚಿದಾಗ ಚೆಲ್ಲಿದ್ದು ಇರಬೇಕ್ರಿ ಮೇಡಂ" ಎಂದೆ.

ಹೇಳಲು ಎಷ್ಟು ಸುಲಭವಾಗಿತ್ತು. ಚೆಲ್ಲಿದ್ದೂ ನಿಜವೇ, ಒಂದು ಬೊಗಸೆ. ಅವರು ನನ್ನ ಮುಖ ನೋಡಿದರು. ಇಪ್ಪತ್ತೈದು ವರ್ಷ ಗ್ಯಾರೇಜು ನಡೆಸಿದವನ ಮಾತು. ತಲೆ ಆಡಿಸಿ ಹೋಗಿ ಸೀಟಿನಲ್ಲಿ ಕೂತರು, ಬೆಲ್ಟು ಎಳೆದುಕೊಂಡರು. ಗಾಜಿನ ಆಚೆ ಅವರ ಕೈ ಕೀಲಿಯ ಕಡೆ ಹೋಗುವುದು ನೀರಿನೊಳಗೆ ನಡೆದಂತೆ ಬಲು ನಿಧಾನವಾಗಿ ಕಂಡಿತು. ಆ ಕ್ಷಣದಲ್ಲಿ ನನಗೆ ಒಂದೇ ಒಂದು ವಿಷಯ ಸ್ಪಷ್ಟವಾಗಿತ್ತು. ಇವರಿಗೆ ವಾಸನೆ ಬರುತ್ತಿದೆ, ನನಗೆ ಬರುತ್ತಿಲ್ಲ. ಮತ್ತು ಇವರು ನನ್ನನ್ನು ನಂಬಿದ್ದಾರೆ.

"ಬ್ಯಾಡ್ರಿ!" ಎಂದು ಕೂಗಿದೆ. "ಚಾಲೂ ಮಾಡಬ್ಯಾಡ್ರಿ ಮೇಡಂ. ಇಳೀರಿ ಕೆಳಗ."

ಅವರು ಇಳಿದರು. ನಾನು ಬ್ಯಾಟರಿಯ ತಂತಿ ಬಿಚ್ಚಿ ಪಕ್ಕಕ್ಕೆ ಸರಿಸಿದೆ. ಆಮೇಲೆ ಹೇಳಿದೆ. "ನನಗ ವಾಸನಿ ಬರಂಗಿಲ್ರಿ. ಮೂರು ವರ್ಷ ಆತು. ಯಾರಿಗೂ ಹೇಳಿಲ್ಲ."

ಅವರು ಬೈಯುತ್ತಾರೆ ಎಂದುಕೊಂಡಿದ್ದೆ. ಕಾರು ಎಳೆಸಿಕೊಂಡು ಹೋಗುತ್ತಾರೆ ಎಂದುಕೊಂಡಿದ್ದೆ. ಅವರು ಎಮ್ಮೆಯ ಮುಂದೆ ನಿಂತಾಗ ಹೇಗೆ ನೋಡುತ್ತಾರೋ ಹಾಗೆ ನನ್ನನ್ನು ನೋಡಿದರು.

"ದನಕ್ಕ ಬಾಯಿಲ್ಲ ಅಣ್ಣಾ, ಎಲ್ಲಿ ನೋವಂತ ಹೇಳಂಗಿಲ್ಲ. ನಾವೇ ಹುಡುಕಬೇಕು. ನಿಮಗ ಬಾಯದ. ಹೇಳಬೇಕಿಲ್ಲೇನ್ರಿ?"

ಅವರು ಅಂಗಿಯ ತೋಳು ಮಡಚಿ ಬಾನೆಟ್ಟಿನೊಳಗೆ ತಲೆ ಹಾಕಿ, ಕಣ್ಣು ಮುಚ್ಚಿ, ರೇಲಿನ ಉದ್ದಕ್ಕೂ ಮೂಗು ಆಡಿಸಿದರು. "ಇಲ್ಲಿ. ಮೂರನೇದ್ರ ಹಿಂದ." ಪುಟ್ಟ ಕನ್ನಡಿ ಹಿಡಿದು ಬೆಳಕು ಬಿಟ್ಟೆ. ಕಣ್ಣಿಗೆ ಕಾಣದ ಹಿಂಬದಿಯಲ್ಲಿ ಕಾಳಿನಷ್ಟು ಜಾಗ ಒದ್ದೆಯಾಗಿ ಹೊಳೆಯುತ್ತಿತ್ತು. ಬಿಚ್ಚಿ ನೋಡಿದರೆ ಮೇಲಿನ ಉಂಗುರದ ಅಂಚಿನಿಂದ, ಉಗುರು ಕತ್ತರಿಸಿದಾಗ ಬೀಳುವಂಥ ಒಂದು ತೆಳು ಸೀಳು ಎದ್ದಿತ್ತು. ಇಂಜಿನ್ ಚಾಲೂ ಆಗಿ ಟರ್ಬೊ ಕಾದಿದ್ದರೆ ಬೆಂಕಿಗೆ ಅಷ್ಟು ಒದ್ದೆಯೇ ಸಾಕಿತ್ತು. ನಾನು ಹಳೆಯ ಟೈರಿನ ಮೇಲೆ ಕೂತುಬಿಟ್ಟೆ.

ಡಬ್ಬಿಯಲ್ಲಿ ಹೆಚ್ಚಿನ ಉಂಗುರ ಇರಲಿಲ್ಲ. ಊರ ಅಂಗಡಿಗಳಲ್ಲಿ ಸಿಗುವ ಸಾದಾ ಕಪ್ಪು ಉಂಗುರ ಈಗಿನ ಪೆಟ್ರೋಲಿಗೆ ಆಗುವುದಿಲ್ಲ. ಪೆಟ್ರೋಲಿಗೆ ಎಥನಾಲ್ ಬೆರೆಸುತ್ತಾರೆ, ನಮ್ಮ ಕಡೆ ಬೆಳೆಯುವಂಥ ಕಬ್ಬಿನಿಂದಲೇ ತೆಗೆದದ್ದು, ಅದಕ್ಕೆ ಕಳಪೆ ರಬ್ಬರು ಉಬ್ಬಿ ಮೆತ್ತಗಾಗುತ್ತದೆ. ಸರಿಯಾದ ಉಂಗುರ ಇಟ್ಟಿರಬಹುದಾದ ಒಬ್ಬರೇ ಒಬ್ಬರು ನನ್ನ ನೆನಪಿಗೆ ಬಂದರು. ಆಳಂದದ ಉಸ್ತಾದರು. ಟ್ರ್ಯಾಕ್ಟರಿನ ಡೀಸೆಲ್ ಪಂಪು ರಿಪೇರಿಯಲ್ಲಿ ಒಂದು ಕಾಲಕ್ಕೆ ಆ ಸೀಮೆಯಲ್ಲೇ ದೊಡ್ಡ ಕೈ. ನಾನು ಕೆಲಸ ಕಲಿತದ್ದು ಅವರ ಬಳಿ. ಬಿಟ್ಟುಬಂದಾಗ ಹೇಳದೆ ಬಂದಿದ್ದೆ, ಆಮೇಲೆ ಅತ್ತ ತಲೆ ಹಾಕಿರಲಿಲ್ಲ.

"ನಾಳಿ ಆಯಿತವಾರ. ನಾನೂ ಬರ್ತೇನಿ" ಎಂದರು ಡಾಕ್ಟರು.

ರೇಲನ್ನೂ ಇಂಜೆಕ್ಟರುಗಳನ್ನೂ ಬಟ್ಟೆಯಲ್ಲಿ ಸುತ್ತಿ ನನ್ನ ಹಳೆಯ ವ್ಯಾನಿನಲ್ಲಿ ಹೊರಟೆವು. ಕಲಬುರಗಿ ದಾಟಿದ ಮೇಲೆ ಮಂಜು. ಎರಡೂ ಕಡೆ ಹಿಂಗಾರಿ ಜೋಳ ಎದೆಮಟ್ಟ ನಿಂತು, ತೆನೆಗಳಷ್ಟೇ ಮಂಜಿನ ಮೇಲೆ ತೇಲುತ್ತಿದ್ದವು. ಡಾಕ್ಟರು ಕಿಟಕಿ ಇಳಿಸಿ, ತಮಗೆ ಬರುವ ವಾಸನೆಗಳನ್ನೆಲ್ಲ ನನಗೆ ಹೇಳುತ್ತ ಬಂದರು. ಯಾರೂ ಕೇಳಿರಲಿಲ್ಲ. "ಈಗ ಸಗಣಿ. ಈಗ ಯಾರೋ ಕಸ ಸುಡಾಕತ್ತಾರ. ಈಗ ಏನೂ ಇಲ್ಲ, ಬರೀ ಥಂಡಿ." ನಾನು ಸ್ಟೇರಿಂಗ್ ಹಿಡಿದು ಕೇಳುತ್ತಿದ್ದೆ. ಒಂದೊಂದು ಹೆಸರಿಗೂ ನೆನಪಿನಿಂದ ಒಂದೊಂದು ವಾಸನೆ ತೆಗೆದು ಇಡುತ್ತಿದ್ದೆ. ನಾನು ವ್ಯಾನು ನಡೆಸುತ್ತಿದ್ದೇನೋ, ಹಾಸಿಗೆಯಲ್ಲಿ ಮಲಗಿ ಕನಸು ಕಾಣುತ್ತಿದ್ದೇನೋ ಒಮ್ಮೊಮ್ಮೆ ತಿಳಿಯುತ್ತಿರಲಿಲ್ಲ.

ಉಸ್ತಾದರ ಅಂಗಡಿ ಅಲ್ಲೇ ಇತ್ತು. ಬಾಗಿಲ ಮೇಲಿನ ಹಲಗೆಯಲ್ಲಿ ಅಂಗಡಿಯ ಕೆಲಸಗಳ ಕೆಳಗೆ ದಪ್ಪ ಅಕ್ಷರದಲ್ಲಿ ಬರೆಸಿದ್ದರು: ಕಿವಿ ಕೇಳುವುದಿಲ್ಲ, ಎದುರು ಬಂದು ಜೋರಾಗಿ ಮಾತಾಡಿ. ಅವರು ಬಿಸಿಲಿಗೆ ಕುರ್ಚಿ ಹಾಕಿಕೊಂಡು ಕೂತಿದ್ದರು. ಗಡ್ಡ ಪೂರಾ ಬೆಳ್ಳಗಾಗಿತ್ತು. ನನ್ನನ್ನು ನೋಡಿದವರು ಎದ್ದರು, ಬಳಿಗೆ ಬಂದು ನನ್ನ ಬಲಗೈ ಹಿಡಿದು ಬೆರಳುಗಳನ್ನು ಮಡಚಿ ಬಿಡಿಸಿ ನೋಡಿದರು.

"ಕೈ ಬರೋಬ್ಬರಿ ಅದ" ಎಂದರು. "ಏನ್ ತಂದಿ ಲೇ ತಮ್ಮಾ?"

ನಾನು ಹೇಳದೆ ಬಿಟ್ಟುಹೋದ ವಿಷಯ ಅಷ್ಟಕ್ಕೇ ಮುಗಿಯಿತು.

ರೇಲನ್ನು ಕೊಟ್ಟೆ. ಸೀಳಿದ ಉಂಗುರ ತೋರಿಸಿದೆ. ಅವರು ಉಂಗುರವನ್ನು ನೋಡಲೇ ಇಲ್ಲ. ರೇಲಿನ ಮೂರನೆಯ ಬಾಯಿಯೊಳಗೆ ಕಿರುಬೆರಳು ಹಾಕಿ, ಉಗುರನ್ನು ಅಂಚಿನ ಸುತ್ತ ಎಳೆದರು. ಅರ್ಧ ಸುತ್ತಿಗೆ ಉಗುರು ಟಕ್ ಎಂದು ನಿಂತಿತು.

"ಉಂಗುರದ ಕಸೂರಲ್ಲ. ಬಾಯಿ ಹರಿತ ಅದ. ಕೊರದವ್ರು ಅಂಚು ತಿಕ್ಕಿ ನುಣ್ಣಗ ಮಾಡಿಲ್ಲ. ಒಳಗ ಹೋಗಾಕ ಹೋದದ್ದನ್ನೆಲ್ಲ ಕೊಯ್ತದ ಇದು."

ಕಡ್ಡಿಗೆ ನುಣ್ಣನೆಯ ಪಾಲಿಶ್ ಕಾಗದ ಸುತ್ತಿ ಅವರು ಆ ಅಂಚನ್ನು ತಿಕ್ಕತೊಡಗಿದರು. ಪುಡಿ ಒಳಗೆ ಹೋಗದಂತೆ ಕೊಳವೆಗೆ ಮೊದಲು ಬಟ್ಟೆ ತುರುಕಿದ್ದರು. ನಾಲ್ಕು ತಿರುವು, ಉಗುರು. ಮತ್ತೆ ನಾಲ್ಕು ತಿರುವು, ಉಗುರು. ಆ ಶಬ್ದ ನಿದ್ದೆಯಲ್ಲಿ ಯಾರೋ ಉಸಿರಾಡಿದಂತಿತ್ತು. ಅವರಿಗೆ ಅದು ಕೇಳುತ್ತಿರಲಿಲ್ಲ. ಡಾಕ್ಟರು ಅವರ ಎದುರು ಹೋಗಿ ನಿಂತು ನನ್ನನ್ನು ತೋರಿಸಿ ಗಟ್ಟಿಯಾಗಿ ಹೇಳಿಯೇಬಿಟ್ಟರು. "ಇವ್ರಿಗೆ ವಾಸನಿ ಬರಂಗಿಲ್ರಿ! ಮೂರು ವರ್ಷದಿಂದ ಮುಚ್ಚಿಟ್ಟಾರ!"

ಉಸ್ತಾದರು ಕೈ ನಿಲ್ಲಿಸಿ ನನ್ನ ಕಡೆ ನೋಡಿ ನಕ್ಕರು. ಒಂದೆರಡು ಹಲ್ಲು ಇರಲಿಲ್ಲ. "ನನ್ನ ಕಿವಿ ಹೋಗಿ ಹದಿನಾಕು ವರ್ಷ ಆತು. ಬೋರ್ಡಿನ ಮ್ಯಾಲ ಬರಸೇನಿ. ಗಿರಾಕಿ ಕಮ್ಮಿ ಆಗಿಲ್ಲ, ಚೀರೋದು ಜಾಸ್ತಿ ಆಗ್ಯದ ಅಷ್ಟ."

ಆಮೇಲೆ ನಮ್ಮ ವ್ಯಾನಿನ ಬಳಿಗೆ ನಡೆದು, ಇಂಜಿನ್ ಚಾಲೂ ಮಾಡೆಂದು ಸನ್ನೆ ಮಾಡಿದರು. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಇಂಜೆಕ್ಟರಿಗೆ ಇಟ್ಟು, ಮರದ ಹಿಡಿಯನ್ನು ಹಲ್ಲಿನ ನಡುವೆ ಕಚ್ಚಿಕೊಂಡು ಕಣ್ಣು ಮುಚ್ಚಿದರು. ಹಲ್ಲಿನಿಂದ ತಲೆಬುರುಡೆಗೆ, ಅಲ್ಲಿಂದ ಇನ್ನೂ ಒಳಗೆಲ್ಲಿಗೋ ಆ ಬಡಿತ ಹೋಗುತ್ತಿರಬೇಕು. ಒಂದೊಂದನ್ನೂ ಹಾಗೆ ಮುಟ್ಟಿ, "ಎರಡನೇದು ಸುಸ್ತ ಅದ. ತೊಳಿ ಅದನ್ನ" ಎಂದರು. ನಿಜ. ಎರಡನೆಯದು ಹಿಂದೆ ಬೀಳುವುದು ಒಂದು ತಿಂಗಳಿಂದ ನನ್ನ ಕಿವಿಗೆ ಗೊತ್ತಿತ್ತು.

ಜರ್ದಾ ಡಬ್ಬಿಯೊಂದರಿಂದ ಕಂದು ಬಣ್ಣದ ಎಂಟು ಉಂಗುರ ಆರಿಸಿ, ಒಂದೊಂದನ್ನೂ ಬೆರಳಿಗೆ ಏರಿಸಿ, ಬೆಳಕಿಗೆ ಎಳೆದು ನೋಡಿ ಕೊಟ್ಟರು. ಎಥನಾಲಿಗೆ ಜಗ್ಗದ ರಬ್ಬರು ಅದು. "ಎಣ್ಣಿ ಹಚ್ಚು. ಸೊಟ್ಟ ತಳ್ಳಬ್ಯಾಡ. ಪೂರಾ ಕೂತ ಮ್ಯಾಲ ಒಂದೊಂದ್ ಇಂಜೆಕ್ಟರ್ ಹಿಡದು ತಿರುವು. ಕೈಗೆ ತಿರುಗಿದ್ರ ಉಂಗುರ ಖುಷಿ ಅದ. ತಿರುಗಲಿಲ್ಲಂದ್ರ ಎಲ್ಲೋ ಸಿಕ್ಕೊಂಡದ, ಬಿಚ್ಚು" ಎಂದರು. ಹೊರಡುವಾಗ ನಾನು ಅವರ ಕಾಲು ಮುಟ್ಟಿದೆ. ಅವರು ನನ್ನ ಮೂಗನ್ನು, ಸಣ್ಣ ಮಕ್ಕಳ ಮೂಗು ಹಿಡಿದಂತೆ, ಎರಡು ಬೆರಳಿನಲ್ಲಿ ಹಿಡಿದು ಬಿಟ್ಟರು.

ಮರುದಿನ ಹೆಂಡತಿ ಜಿಡಗಾದಿಂದ ಬಂದಿದ್ದಳು. ಡಾಕ್ಟರು ಅರ್ಧ ದಿನ ರಜೆ ಹಾಕಿ ಬಂದರು. ಈ ಸಲ ನಾನು ಆತುರ ಮಾಡಲಿಲ್ಲ. ಎಂಟು ಉಂಗುರಗಳನ್ನು ಎಣ್ಣೆಯ ಬಟ್ಟಲಿನಲ್ಲಿ ಉರುಳಿಸಿದೆ. ನಾಲ್ಕು ಇಂಜೆಕ್ಟರುಗಳನ್ನು ರೇಲಿಗೆ ಸೇರಿಸಿ, ಎರಡೂ ತುದಿಗಳನ್ನು ಎರಡು ಕೈಯಲ್ಲಿ ಹಿಡಿದು, ಮಲಗಿದ ಕೂಸನ್ನು ತೊಟ್ಟಿಲಿಗೆ ಇಳಿಸುವ ಹಾಗೆ ಸಮವಾಗಿ ಗೂಡುಗಳ ಮೇಲೆ ಇಳಿಸಿದೆ. ಬೋಲ್ಟುಗಳನ್ನು ಅತ್ತ ಅರ್ಧ ಸುತ್ತು, ಇತ್ತ ಅರ್ಧ ಸುತ್ತು ಬಿಗಿದೆ. ನಂತರ ಒಂದೊಂದನ್ನೇ ತಿರುವಿ ನೋಡಿದೆ. ನಾಲ್ಕೂ ಬಿಗಿಯಾಗಿಯೇ, ಆದರೆ ಕೈಗೆ ತಿರುಗಿದವು. ಮೂರನೆಯದನ್ನು ಎರಡು ಸಲ ತಿರುವಿದೆ.

ಪಂಪು ಗುಂಯ್‌ಗುಟ್ಟಿತು. "ಬರ್ರಿ ಇಬ್ಬರೂ" ಎಂದೆ. ಹೆಂಡತಿ ಒಂದು ಕಡೆಯಿಂದ, ಡಾಕ್ಟರು ಇನ್ನೊಂದು ಕಡೆಯಿಂದ ಬಾನೆಟ್ಟಿನೊಳಗೆ ಬಗ್ಗಿದರು. ಅಷ್ಟು ಹೊತ್ತಿಗೆ ಟ್ರ್ಯಾಕ್ಟರಿನ ಬಿಡಿಭಾಗ ಕೇಳಲು ಒಬ್ಬ ಗಿರಾಕಿ ಬಂದು ನಿಂತಿದ್ದ. ಏನು ನಡೆದಿದೆ ಎಂದು ಕೇಳಿದ. "ನನಗ ವಾಸನಿ ಬರಂಗಿಲ್ಲ, ಅದಕ್ಕ ಇವ್ರು ನೋಡಾಕತ್ತಾರ" ಎಂದೆ. ಅವನು "ಹೌದೇನ್ರಿ" ಎಂದು ತಾನೂ ಬಂದು ಬಗ್ಗಿದ.

"ಏನಿಲ್ರಿ" ಎಂದಳು ಹೆಂಡತಿ.

"ಎಣ್ಣಿ ವಾಸನಿ ಬಿಟ್ರ ಏನಿಲ್ಲ" ಎಂದರು ಡಾಕ್ಟರು.

ಪುಣೆಯ ಪರಿಚಿತರೊಬ್ಬರು ಹೊಸ ಇಂಜೆಕ್ಟರಿಗೆ ತಕ್ಕಂತೆ ಬರೆದು ಕಳಿಸಿದ್ದ ಲೆಕ್ಕವನ್ನು ಡಾಕ್ಟರು ಲ್ಯಾಪ್‌ಟಾಪಿನಿಂದ ಇಂಜಿನ್ನಿನ ಮಿದುಳಿಗೆ ಇಳಿಸಿದರು. ಚಾಲೂ ಮಾಡಿದಾಗ ಅದು ಒಮ್ಮೆ ಕೆಮ್ಮಿ, ಒಮ್ಮೆ ಏರಿ, ಆಮೇಲೆ ಒಂದೇ ಸಮನೆ ನಿಂತಿತು. ಕೆಳಗಿನ ಉಂಗುರಗಳಲ್ಲಿ ಎಲ್ಲಾದರೂ ಗಾಳಿ ನುಸುಳುತ್ತಿದ್ದರೆ ಹಾಗೆ ನಿಲ್ಲುತ್ತಿರಲಿಲ್ಲ. ಕಾದ ಮೇಲೆ ಆರಿಸಿ, ಮತ್ತೆ ಮೂವರ ಮೂಗಿಗೂ ಒಪ್ಪಿಸಿದೆ.

ಆ ಕಾರು ಮುಂದಿನ ತಿಂಗಳು ಮಣ್ಣಿನ ರೇಸಿನಲ್ಲಿ ಓಡಿತು. ಡಾಕ್ಟರು ಗೆಲ್ಲಲಿಲ್ಲ, ನಡುವೆ ಎಲ್ಲೋ ಬಂದರು. ಕೆಸರು ಮೆತ್ತಿದ ಕಾರಿನ ಫೋಟೊ ಕಳಿಸಿದರು. ನನ್ನ ಮನಸ್ಸಿನಲ್ಲಿ ಉಳಿದಿರುವುದು ಅದಲ್ಲ. ಕೆಲಸ ಮುಗಿದ ಮರುದಿನದ ಬೆಳಗು.

"ಬರ್ರಿ ಅಣ್ಣಾ, ನೀವೇ ಕೂಡ್ರಿ ಬಾಜೂಕ. ಏನರ ಆದ್ರ ನೀವೇ ಇರಬೇಕು" ಎಂದು ಕರೆದೊಯ್ದರು. ಭೀಮೆಯ ಸೇತುವೆ ದಾಟುವಾಗ ಬೆಳಗು ಇನ್ನೂ ಪೂರಾ ಆಗಿರಲಿಲ್ಲ. ನೀರಿನ ಮೇಲೆ ಹೊಗೆಯಂಥ ಮಂಜು, ಅದರೊಳಗೆ ಒಂದು ತೆಪ್ಪ. ಗಾಣಗಾಪುರದ ಕಡೆ ನಡೆದುಕೊಂಡು ಹೋಗುವ ಯಾತ್ರಿಗಳು ಹೆಗಲ ಮೇಲೆ ಚೀಲ ಹಾಕಿಕೊಂಡು ರಸ್ತೆಯಂಚಿಗೆ ಸರಿದು ನಿಂತರು. ರಸ್ತೆ ನೆಟ್ಟಗಾದಲ್ಲಿ ಡಾಕ್ಟರು ಕಾಲು ಒತ್ತಿದರು. ಟರ್ಬೊ ಸಿಳ್ಳು ಹಾಕಿತು, ಬೆನ್ನು ಸೀಟಿಗೆ ಅಂಟಿತು, ಕಬ್ಬಿನ ಗದ್ದೆಗಳು ಎರಡೂ ಕಡೆ ಹಸಿರು ನೀರಾಗಿ ಹರಿದವು. ನಾನು ಮೊದಲು ಕಿವಿಗೊಟ್ಟು ಒಂದೊಂದೇ ಇಂಜೆಕ್ಟರಿನ ಬಡಿತ ಎಣಿಸಲು ನೋಡಿದೆ. ನಾಲ್ಕೂ ಸೇರಿ ಒಂದೇ ದನಿಯಾಗಿತ್ತು, ಬಿಡಿಸಲಾಗಲಿಲ್ಲ. ಗಾಣಗಾಪುರದಲ್ಲಿ ನಿಂತು ಚುರುಮುರಿ ಒಗ್ಗರಣೆಯ ಸುಸಲಾ, ಜೊತೆಗೆ ಮಿರ್ಚಿ ಬಜ್ಜಿ ತಿಂದೆವು. ತಿರುಗಿ ಬರುವಾಗ ಅವರು ನಿಧಾನವಾಗಿ ನಡೆಸಿದರು. ಎಳೆ ಬಿಸಿಲು ತೊಡೆಯ ಮೇಲೆ ಬಿದ್ದಿತ್ತು. ಮೂರು ರಾತ್ರಿಗಳಿಂದ ನಾನು ಸರಿಯಾಗಿ ಮಲಗಿರಲಿಲ್ಲ.

ಎಚ್ಚರವಾದಾಗ ಕಾರು ನಿಂತಿತ್ತು. ಇಂಜಿನ್ ಆರಿತ್ತು. ಎದುರಿಗೆ ನನ್ನದೇ ಗ್ಯಾರೇಜಿನ ತಗಡು, ಅದರ ಮೇಲೆ ಏರಿದ ಬಿಸಿಲು. ಯಾವಾಗ ಬಂದೆವೋ, ಎಷ್ಟು ಹೊತ್ತಾಗಿತ್ತೋ. ಯಾರೋ ನನ್ನ ಕಡೆಯ ಕಿಟಕಿಗೆ ಬಿಸಿಲು ಬಡಿಯದಂತೆ ಒಂದು ಟವೆಲು ಸಿಕ್ಕಿಸಿದ್ದರು. ಆಚೆ ಬಾಗಿಲ ಕಲ್ಲಿನ ಮೇಲೆ ಹೆಂಡತಿಯೂ ಡಾಕ್ಟರೂ ಕೂತು ಚಹಾ ಕುಡಿಯುತ್ತ, ಕರು ಹಾಕಲಿರುವ ಯಾರದೋ ಆಕಳಿನ ವಿಷಯ ಮಾತಾಡುತ್ತಿದ್ದರು. ಅವರ ದನಿ ತಗ್ಗಿನಲ್ಲಿತ್ತು, ನನ್ನನ್ನು ಎಬ್ಬಿಸಬಾರದೆಂದು. ನಾನು ಎದ್ದದ್ದನ್ನು ಅವರಿಗೆ ತೋರಗೊಡದೆ ಇನ್ನೂ ಸ್ವಲ್ಪ ಹೊತ್ತು ಹಾಗೇ ಕೂತಿದ್ದೆ.